ಎಂಬತ್ತು ಅಡಿಯ ಅಪ್ಪಣೆ, ನೂರಿಪ್ಪತ್ನಾಲ್ಕು ಅಡಿಯ ಅಡಿಪಾಯ

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಭಾರತ ಸರ್ಕಾರದಿಂದ ಮೈಸೂರಿಗೆ ಸಿಕ್ಕಿದ್ದ ಅನುಮತಿ 80 ಅಡಿಯ ಕಟ್ಟೆಗೆ ಮಾತ್ರ. ಅದರಲ್ಲಿ ನಿಲ್ಲುವ ನೀರು 11 ಟಿಎಂಸಿ. ಕೆಳಗಿನ ಮದರಾಸು ಸರ್ಕಾರ ಅದಕ್ಕಿಂತ ಹೆಚ್ಚಿನದಕ್ಕೆ ಒಪ್ಪಿರಲಿಲ್ಲ. ಆದರೆ ಆಗಿನ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು ನದಿಯ ತಳ ಅಗೆಸಿ ಹಾಕಿಸಿದ ಬುಡ 124 ಅಡಿ ನೀರು ತಡೆಯುವ ಕಟ್ಟೆಯದು. ಕಲ್ಲುಗಾರೆಯ ಕಟ್ಟೆ ತನ್ನ ಭಾರದಿಂದಲೇ ನೀರಿನ ಒತ್ತಡವನ್ನು ತಡೆದು ನಿಲ್ಲಬೇಕು. ಎತ್ತರ ಏರಿದಷ್ಟೂ ಬುಡದ ಅಗಲವೂ ಏರಬೇಕು. ಬುಡವನ್ನು ಒಮ್ಮೆ ಕಿರಿದಾಗಿ ಹಾಕಿಬಿಟ್ಟರೆ ಮುಂದೆ ಅನುಮತಿ ಸಿಕ್ಕರೂ ಅದರ ಮೇಲೆ ಕಟ್ಟೆಯನ್ನು ಎತ್ತರಿಸುವುದು ಬಲು ಕಷ್ಟ. ಹಾಗಾಗಿ ಅನುಮತಿ ಬರುವ ಮೊದಲೇ ಬುಡ ಸಿದ್ಧವಾಯಿತು. ಮುಂದೆ 1914ರ ಗ್ರಿಫಿನ್ ತೀರ್ಪು ಬಂತು, ಅದರ ಮೇಲೆ ಮದರಾಸಿನ ಮೇಲ್ಮನವಿ, ವರ್ಷಗಟ್ಟಲೆ ಮಾತುಕತೆ. ಕಡೆಗೆ 1924ರ ಫೆಬ್ರವರಿ 18ರ ಒಪ್ಪಂದದಲ್ಲಿ 124 ಅಡಿಗೆ ಒಪ್ಪಿಗೆಯಾಯಿತು, 44,827 ದಶಲಕ್ಷ ಘನ ಅಡಿ ನೀರಿನ ಲೆಕ್ಕದಲ್ಲಿ.

ಈಗ ಒಂದು ವಿಷಯ ಯೋಚಿಸಬೇಕು. ಆ ಬುಡದ ಅಡ್ಡಸೀಳಿನ ನಕ್ಷೆಯೊಂದೇ ನಮ್ಮ ಕೈಗೆ ಬಂದಿದ್ದರೆ? 80 ಅಡಿಯ ಕಟ್ಟೆಗೆ ಇಷ್ಟು ಅಗಲದ ಬುಡ ಏಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುತ್ತಿರಲಿಲ್ಲ. ಎಂಜಿನಿಯರ್ ಅತಿ ಎಚ್ಚರಿಕೆಯ ಮನುಷ್ಯ ಎನ್ನುತ್ತಿದ್ದೆವು, ಇಲ್ಲವೇ ದುಂದು ಎನ್ನುತ್ತಿದ್ದೆವು. ಹಾಗೆಯೇ ಪತ್ರ ವ್ಯವಹಾರ ಮಾತ್ರ ಉಳಿದು ನಕ್ಷೆ ಹೋಗಿದ್ದರೆ ಎರಡು ಸರ್ಕಾರಗಳ ಜಗಳ ತಿಳಿಯುತ್ತಿತ್ತು, ಆ ಹೊತ್ತಿನಲ್ಲಿ ನೆಲದ ಕೆಳಗೆ ನಡೆದ ದೊಡ್ಡ ತೀರ್ಮಾನ ತಿಳಿಯುತ್ತಿರಲಿಲ್ಲ. ನಕ್ಷೆಯನ್ನೂ ಕಡತವನ್ನೂ ಜೋಡಿಸಿಟ್ಟು ಓದಿದಾಗಲೇ ಕನ್ನಂಬಾಡಿಯ ಕಥೆ ಪೂರ್ತಿ ತೆರೆದುಕೊಳ್ಳುವುದು. ಈ ಸ್ಮರಣ ಸಂಚಿಕೆಯಲ್ಲಿ ಕಟ್ಟಡಗಳ ಬಗ್ಗೆಯೂ ಕಟ್ಟಿದವರ ಬಗ್ಗೆಯೂ ಬರೆಯುವವರು ಇದ್ದಾರೆ. ನಾನು ಬರೆಯುತ್ತಿರುವುದು ಅವರ ಕಾಗದಗಳ ಬಗ್ಗೆ, ಮುಖ್ಯವಾಗಿ ಈ ಜೋಡಿಯನ್ನು ಅಗಲಿಸದೆ ಉಳಿಸಿಕೊಳ್ಳುವ ಬಗ್ಗೆ.

ನಕ್ಷೆ ಬರುವ ಮೊದಲಿನ ಕಾಲದಿಂದ ಶುರುಮಾಡೋಣ. ಹೇಮಾವತಿ ಕನ್ನಂಬಾಡಿಯ ಹಿನ್ನೀರನ್ನು ಸೇರುವ ಮೊದಲು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಮಂದಗೆರೆಯ ಅಣೆ, ಹೇಮಗಿರಿಯ ಅಣೆ, ಅಕ್ಕಿಹೆಬ್ಬಾಳಿನ ಅಣೆಗಳನ್ನು ದಾಟಿ ಬರುತ್ತದೆ. ಹೇಮಗಿರಿಯಲ್ಲಿ ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ, ಕೆಳಗೆ ಹೊಳೆ, ಪಕ್ಕದಲ್ಲಿ ಬಂಡಿಹೊಳೆ. ರಥಸಪ್ತಮಿಯ ಸುಮಾರಿಗೆ ನಡೆಯುವ ದನಗಳ ಜಾತ್ರೆಗೆ ಬರುವವರು ಅಣೆಯ ಮೇಲಿಂದ ಹರಿಯುವ ನೀರನ್ನು ನೋಡಿಯೇ ಹೋಗುತ್ತಾರೆ. ಇಂಥ ಅಣೆಗಳನ್ನು ನಡೆಸಿಕೊಂಡು ಬಂದ ಅರಿವು ಬಹುಕಾಲ ಇದ್ದದ್ದು ನೀರುಗಂಟಿಯ ಕೈಯಲ್ಲಿ ಮತ್ತು ಶಾನುಭೋಗರ ಮನೆಯ ಕಡತದಲ್ಲಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ ಅದು. ಬರಹ ಬಳಪದ್ದು. ಯಾವ ತೂಬು ಎಷ್ಟು ದಿನ, ಯಾರ ಗದ್ದೆಗೆ ಯಾವಾಗ ನೀರು ಎಂಬ ಲೆಕ್ಕವೆಲ್ಲ ಇಂಥ ಬರಹದಲ್ಲಿ ಉಳಿಯುತ್ತಿತ್ತು. ನಾಲೆಯ ರೇಖೆಯನ್ನು ಕಾಗದದ ಮೇಲೆ ಎಳೆಯುವ ಪದ್ಧತಿ ಬಂದದ್ದು ಆಮೇಲೆ.

ಕಟ್ಟಿದವರ ಹೆಸರು ಕಲ್ಲಿನ ಮೇಲೆಯೇ ಉಳಿದ ಕಾಲವೂ ಒಂದಿತ್ತು. ಇದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲಿಯೂ ನುಗ್ಗೇಹಳ್ಳಿಯಲ್ಲಿಯೂ ಕೆಲಸ ಮಾಡಿ ಹೆಸರು ಕೊರೆದ ಶಿಲ್ಪಿ ಅವನೇ. ಅವನನ್ನು ಗುರುತಿಸುವುದಕ್ಕೆ ನಮಗಿರುವ ಆಧಾರ ಆ ಕೆಲವು ಅಕ್ಷರಗಳು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೂ ಕಲ್ಲೇ ಆಧಾರ. ಕಲ್ಲುಕಂಬಗಳ ಮೇಲೆ ಕಲ್ಲುತೊಲೆ, ಅದರ ಮೇಲೆ ಕಲ್ಲುಚಪ್ಪಡಿ. ಅದನ್ನು ಅರ್ಥಮಾಡಿಕೊಳ್ಳಲು ಸೇತುವೆಯ ಬಳಿಗೇ ಹೋಗಬೇಕು, ಹೋದರೆ ಸಾಕು ಕೂಡ. ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಅದೇ ಊರಿನಲ್ಲಿ ನಾಲ್ಕೇ ವರ್ಷಕ್ಕೆ, 1808ರಲ್ಲಿ, ಕ್ಯಾಪ್ಟನ್ ಥಾಮಸ್ ಡಿ ಹ್ಯಾವಿಲೆಂಡ್ ಎಂಬ ಎಂಜಿನಿಯರ್ ತನ್ನ ಮನೆಯ ತೋಟದಲ್ಲಿ ಇಟ್ಟಿಗೆಯ ಕಮಾನೊಂದನ್ನು ಕಟ್ಟಿದ. ಅಗಲ 112 ಅಡಿ, ನಡುವಿನ ಏರು 11 ಅಡಿ ಮಾತ್ರ. ಕಾವೇರಿಗೆ ಇಷ್ಟು ಅಗಲದ ಇಟ್ಟಿಗೆ ಕಮಾನುಗಳ ಸೇತುವೆ ಹಾಕಬಹುದು ಎಂದು ಅವನು ಹೇಳಿದ್ದನ್ನು ಮೇಲಿನವರು ನಂಬಲಿಲ್ಲ. ನಂಬಿಸಲು ಕಟ್ಟಿ ತೋರಿಸಿದ. ಬರಿಯ ಕಮಾನು, ಅದರ ಮೇಲೆ ರಸ್ತೆಯಿಲ್ಲ, ಕೆಳಗೆ ನೀರಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ನಿಂತು 1930ರ ದಶಕದಲ್ಲಿ ಅದು ಬಿತ್ತು. ಮೈಸೂರಿನ ಸರ್ಕಾರಿ ಭವನದಲ್ಲಿ ನಡುವೆ ಕಂಬವೇ ಇಲ್ಲದ ದೊಡ್ಡ ಭೋಜನಶಾಲೆ, ಮದರಾಸಿನಲ್ಲಿ ಸೇಂಟ್ ಆಂಡ್ರ್ಯೂಸ್ ಕರ್ಕ್, ಇವೂ ಅವನ ಕೆಲಸಗಳೇ. ಅವು ಇಂದಿಗೂ ನಿಂತಿವೆ. ಶ್ರೀರಂಗಪಟ್ಟಣದ ಕಮಾನನ್ನು ತಿಳಿಯಬೇಕಾದವರಿಗೆ ಮಾತ್ರ ಅಳತೆಗಳು, ಚಿತ್ರಗಳು, ಬಿದ್ದುಹೋಗುವ ಮುನ್ನ ತೆಗೆದ ಫೋಟೊಗಳು, ಇವೇ ಗತಿ. ಪೂರ್ಣಯ್ಯನವರ ಸೇತುವೆ ತಾನೇ ಸಾಕ್ಷಿ ಹೇಳುತ್ತದೆ. ಡಿ ಹ್ಯಾವಿಲೆಂಡನ ಕಮಾನಿಗಾಗಿ ಕಾಗದ ಸಾಕ್ಷಿ ಹೇಳಬೇಕು.

ಶ್ರೀರಂಗಪಟ್ಟಣದ ಕಾಗದಗಳ ಮಾತು ಬಂದರೆ ಕಾಲಿನ್ ಮೆಕೆಂಜಿಯನ್ನು ಬಿಡುವಂತಿಲ್ಲ. 1799ರ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ ಅವನು ಆಮೇಲೆ ಮೈಸೂರು ಸರ್ವೆಯ ಮುಖ್ಯಸ್ಥನಾದ. ಊರೂರಿನ ನಕ್ಷೆ ಬರೆಸಿದ, ಗುಡಿಗೋಪುರಗಳ ಚಿತ್ರ ಬರೆಸಿದ, ಕಾವಲಿ ಸೋದರರಂಥ ಸಹಾಯಕರಿಂದ ಸ್ಥಳೀಯರ ಕೈಫಿಯತ್ತುಗಳನ್ನು ಕೂಡಿಸಿದ. 1821ರಲ್ಲಿ ಅವನು ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಆ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಆಮೇಲೆ ಅದು ಹಂಚಿಹೋಯಿತು. ಚಿತ್ರಗಳೂ ನಕ್ಷೆಗಳೂ ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ನಮ್ಮ ಭಾಷೆಗಳ ಕೈಫಿಯತ್ತುಗಳು ಚೆನ್ನೈನ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಎರಡು ಕಡೆಯಲ್ಲೂ ಅವುಗಳನ್ನು ಜೋಪಾನವಾಗಿಯೇ ಇಟ್ಟಿದ್ದಾರೆ, ಅದಕ್ಕೆ ನಾವು ಕೃತಜ್ಞರು. ಆದರೆ ಒಂದೇ ಊರಿನ ಚಿತ್ರವನ್ನೂ ಅದೇ ಊರಿನವರು ಹೇಳಿ ಬರೆಸಿದ ವೃತ್ತಾಂತವನ್ನೂ ಪಕ್ಕಪಕ್ಕ ಇಟ್ಟು ನೋಡಲು ಎರಡು ಖಂಡ ಸುತ್ತಬೇಕಾಗಿದೆ. ಎರಡು ಶತಮಾನದಿಂದ ವಿದ್ವಾಂಸರು ಇದಕ್ಕಾಗಿ ತೆತ್ತಿರುವ ಶ್ರಮ ಸಣ್ಣದಲ್ಲ.

ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಅದಕ್ಕೆ ಮುಂಚೆ ಕೆರೆಕಟ್ಟೆ, ರಸ್ತೆಗಳ ದುರಸ್ತಿಯನ್ನು ನೋಡುತ್ತಿದ್ದದ್ದು ಮರಾಮತ್ ಇಲಾಖೆ. ಜನರ ಬಾಯಲ್ಲಿ ಇಂದಿಗೂ ಮರಾಮತ್ತು ಎಂಬ ಮಾತು ಉಳಿದಿರುವುದು ಅದರಿಂದಲೇ. ಹೊಸ ಇಲಾಖೆಯ ಜೊತೆಗೆ ಡ್ರಾಯಿಂಗ್ ಬ್ರಾಂಚ್ ಎಂಬುದು ಬಂತು, ರೆಕಾರ್ಡ್ ರೂಮು ಬಂತು. ನಮ್ಮ ಈ ಭಾಗದ ಎಷ್ಟೋ ಕೆರೆ, ಸೇತುವೆ, ಪ್ರವಾಸಿ ಬಂಗಲೆ, ನಾಲೆ ಎಲ್ಲವೂ ಮೊದಲು ಹುಟ್ಟಿದ್ದು ಅಲ್ಲಿನ ಇಳಿಜಾರು ಮೇಜುಗಳ ಮೇಲೆ.

ಆ ಕಾಲದ ಒಂದು ಹಾಳೆ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಮೂಲ ನಕ್ಷೆ. ಅದಕ್ಕೆ ಶಾಯಿ, ಆಮೇಲೆ ಬಣ್ಣ. ಬಣ್ಣಕ್ಕೂ ಕಟ್ಟುನಿಟ್ಟು ಇತ್ತು. ಇಟ್ಟಿಗೆಗೆ ಕೆಂಪು, ಮೆದು ಕಬ್ಬಿಣಕ್ಕೆ ನೀಲಿ, ಬೀಡು ಕಬ್ಬಿಣಕ್ಕೆ ಬೂದು. ಹೀಗಾಗಿ ಬರಹ ಅಳಿಸಿಹೋದ ಹಾಳೆಯಲ್ಲೂ ಗೇಟಿನ ಯಾವ ಭಾಗ ಎರಕದ್ದು, ಯಾವುದು ಬಡಿದು ಮಾಡಿದ್ದು ಎಂದು ಬಣ್ಣದಿಂದಲೇ ಹೇಳಬಹುದು. ಮೂಲದ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಟ್ರೇಸರ್ ಗೆರೆಗೆರೆಯನ್ನೂ ಮತ್ತೆ ಎಳೆಯುತ್ತಿದ್ದ. ತೆಳುವಾದ ನಾರುಬಟ್ಟೆಗೆ ಗಂಜಿ ಹಾಕಿ ಉಜ್ಜಿ ಹೊಳಪು ಕೊಟ್ಟ ಹಾಳೆ ಅದು, ಕೆಳಗಿನ ಗೆರೆ ಮೇಲೆ ಕಾಣುವಷ್ಟು ನಯ. ಆ ಟ್ರೇಸಿಂಗಿನಿಂದ ಬಿಸಿಲಿನಲ್ಲಿ ಬ್ಲೂಪ್ರಿಂಟ್ ತೆಗೆದು ಸ್ಥಳದಲ್ಲಿ ಕೆಲಸ ಮಾಡುವವರಿಗೆ ಕಳಿಸುವುದು. ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಕೆಲಸದ ಹೆಸರು, ಸ್ಕೇಲು, ತಾರೀಖು, ಎಳೆದವನ ಸಹಿ, ಟ್ರೇಸ್ ಮಾಡಿದವನ ಸಹಿ, ಪರೀಕ್ಷಿಸಿದವನ ಸಹಿ, ಒಪ್ಪಿಗೆ ಕೊಟ್ಟವನ ಸಹಿ. ಇತಿಹಾಸದ ಪುಸ್ತಕಗಳಿಗೆ ಬಂದದ್ದು ಈ ಸಾಲಿನ ಕೊನೆಯ ಸಹಿ ಮಾತ್ರ. ಮೊದಲ ಮೂರು ಸಹಿ ಹಾಕಿದವರು ಯಾರು, ಎಲ್ಲಿಯವರು ಎಂದು ಕೇಳಲು ನಮಗಿರುವ ಒಂದೇ ದಾರಿ ಆ ಹಾಳೆಯ ಮೂಲೆ. ನನ್ನ ಮಟ್ಟಿಗೆ ಹಾಳೆಯ ಅಂಚು ಕತ್ತರಿಸಿ ಅಂದವಾಗಿ ಚೌಕಟ್ಟು ಹಾಕಿಸುವುದು ಅಪರಾಧವೇ ಸರಿ.

ಸ್ಥಳದಲ್ಲಿ ಬ್ಲೂಪ್ರಿಂಟಿನ ಮೇಲೆ ತಿದ್ದುಪಡಿಗಳಾಗುತ್ತಿದ್ದವು. ಅಗೆದಾಗ ಎಣಿಸಿದ ಆಳಕ್ಕೆ ಬಂಡೆ ಸಿಗದಿದ್ದರೆ ಬುಡ ಇನ್ನೂ ಕೆಳಗಿಳಿಯುತ್ತದೆ. ಅದನ್ನು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಎಂ-ಬುಕ್ಕಿನಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಅದರ ಲೆಕ್ಕ ಬರುತ್ತದೆ. ಹೆಚ್ಚಿದ ಖರ್ಚಿಗೆ ಕಾರಣ ಕೊಟ್ಟು ಮೇಲಕ್ಕೆ ಪತ್ರ ಹೋಗುತ್ತದೆ. ಮೊದಲು ಎಣಿಸಿದ ಕಟ್ಟಡ ಅಂದವಾದ ಟ್ರೇಸಿಂಗಿನಲ್ಲಿದ್ದರೆ, ನಿಜವಾಗಿ ನೆಲದ ಮೇಲೆ ಎದ್ದ ಕಟ್ಟಡ ಕೊಳೆಯಾದ, ಮಡಿಕೆ ಬಿದ್ದ, ಕೆಂಪು ಗೀಟಿನ ಬ್ಲೂಪ್ರಿಂಟಿನಲ್ಲಿರುತ್ತದೆ. ರೆಕಾರ್ಡ್ ರೂಮು ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಈ ಎರಡನೆಯದೇ. ಚೆಂದದ್ದನ್ನು ಉಳಿಸಿ ಕೊಳಕನ್ನು ಬಿಸಾಡುವ ಈ ಅಭ್ಯಾಸದಿಂದ ಆಗಿರುವ ನಷ್ಟ ಬಹಳ.

ಒಳಗನ್ನು ಕಣ್ಣಿಗೆ ತೋರಿಸದ ಕಟ್ಟಡಗಳಿಗಂತೂ ನಕ್ಷೆಯೇ ಕಣ್ಣು. ನಾಗಮಂಗಲದ ಸೆರಗಿನಲ್ಲಿ, ಶಿಂಷಾ ನದಿಗೆ ಅಡ್ಡಲಾಗಿ ಮಾರ್ಕೋನಹಳ್ಳಿ ಜಲಾಶಯವಿದೆ. ಅಲ್ಲಿನ ಸೈಫನ್ನುಗಳು ಎಂಜಿನಿಯರ್ ಗಣೇಶ ಅಯ್ಯರ್ ಅವರ ಕಲ್ಪನೆ. ನೀರು ನಿಗದಿತ ಮಟ್ಟ ಮೀರಿದ ಕೂಡಲೇ ಗುಮ್ಮಟದೊಳಗಿನ ಸುರುಳಿಗಳ ಮೇಲೆ ತಿರುಗುತ್ತ ಬಾವಿಯಂಥ ಕೊಳವೆಗೆ ಇಳಿಯುತ್ತದೆ, ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದರೆ ಸೈಫನ್ ಪೂರ್ತಿ ಹಿಡಿದು ಹರಿಯುತ್ತದೆ. ಮಟ್ಟ ಇಳಿದಾಗ ಗಾಳಿ ಒಳನುಗ್ಗಿ ತಾನೇ ನಿಲ್ಲುತ್ತದೆ. ಎತ್ತಲು ಗೇಟಿಲ್ಲ, ಕಾಯಲು ಆಳು ಬೇಡ. ಹೊರಗೆ ನಿಂತವನಿಗೆ ಕಾಣುವುದು ಗುಮ್ಮಟ ಮಾತ್ರ. ಸುರುಳಿ ಎಷ್ಟು, ಬಾಗು ಎಂಥದು ಎಂಬುದೆಲ್ಲ ಕಾಗದದಲ್ಲಿರಬೇಕು. ಕನ್ನಂಬಾಡಿಯ ತಾವಾಗಿ ತೆರೆದುಕೊಳ್ಳುವ ಗೇಟುಗಳದೂ ಇದೇ ಮಾತು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಖಡಕವಾಸ್ಲದಲ್ಲಿ ಮೊದಲು ಹಾಕಿಸಿ ಪೇಟೆಂಟ್ ಪಡೆದ ಕಲ್ಪನೆ ಅದು. ಈಚೆಗೆ ಕಟ್ಟೆಯ ಹಳೆಯ ಗೇಟುಗಳನ್ನು ತೆಗೆದು ಹೊಸವನ್ನು ಕೂರಿಸಿದರು. ಸುರ್ಕಿ ಗಾರೆಯ ಗೋಡೆಯಲ್ಲಿ ಹೂತ ಕಬ್ಬಿಣದ ಚೌಕಟ್ಟಿನ ಮೇಲೆ ಕೈಯಿಡುವ ಇಂಥ ಕೆಲಸದಲ್ಲಿ ತೊಂಬತ್ತು ವರ್ಷದ ಹಿಂದೆ ಎಳೆದ ಒಂದು ಗೆರೆ ಎಷ್ಟು ಬೆಲೆಬಾಳುತ್ತದೆ ಎಂಬುದು ಆ ಕೆಲಸ ಬಲ್ಲವರಿಗೆ ಗೊತ್ತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಕೂಡ ಕಟ್ಟೆಯ ತಾಂತ್ರಿಕ ದಾಖಲೆಗಳನ್ನು ಕಾಯ್ದಿಡುವುದನ್ನು ಒಡೆತನದ ಹೊಣೆಯೊಳಗೇ ಸೇರಿಸಿದೆ.

ಕಾಗದ ನೀರಿನ ಹಕ್ಕನ್ನೂ ಕಾಯುತ್ತದೆ ಎಂಬುದನ್ನು ಮಂಡ್ಯ ಸೀಮೆಯವರಿಗೆ ಹೇಳಬೇಕಾಗಿಲ್ಲ. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಡುವವರೆಗೂ, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ 2018ರವರೆಗೂ, ವಾದದ ನಡುವೆ ಮತ್ತೆ ಮತ್ತೆ ಬಂದದ್ದು 1892 ಮತ್ತು 1924ರ ಒಪ್ಪಂದಗಳು. ನೂರು ವರ್ಷದ ಹಿಂದಿನ ಗುಮಾಸ್ತರು ಪತ್ರಗಳಿಗೆ ದಾರ ಪೋಣಿಸಿ, ನಂಬರು ಹಾಕಿ, ಕಟ್ಟುಕಟ್ಟಿ ಇಡದಿದ್ದರೆ ನಮ್ಮ ವಕೀಲರ ಕೈಯಲ್ಲಿ ಏನಿರುತ್ತಿತ್ತು? ಕಮಿಷನರ ಆಡಳಿತದ ಕಾಲದಿಂದ ಬಂದ ಮೈಸೂರು ಸರ್ಕಾರದ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರ ಕಾಪಾಡಿಕೊಂಡು ಬಂದಿದೆ. ಲೋಕೋಪಯೋಗಿ ಕಡತಗಳೂ ಅದರಲ್ಲಿ ಸೇರಿವೆ. ಬಹುಮಂದಿ ಅಲ್ಲಿಗೆ ಹೋಗುವುದು ರಾಜಕೀಯ ಇತಿಹಾಸ ಹುಡುಕಿಕೊಂಡು. ಕಟ್ಟಡದ ಇತಿಹಾಸ ಹುಡುಕುವವರೂ ಹೋಗಬೇಕು.

ಇನ್ನೊಂದು ಸಂಸ್ಥೆಯ ಋಣವನ್ನೂ ಇಲ್ಲಿ ನೆನೆಯಬೇಕು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹದಿಂದ ಬೆಳೆದ ಮೈಸೂರು ಪುರಾತತ್ವ ಇಲಾಖೆಗೆ 1906ರಲ್ಲಿ ಆರ್. ನರಸಿಂಹಾಚಾರ್ಯರು ಮುಖ್ಯಸ್ಥರಾದ ಮೇಲೆ ದೇವಾಲಯಗಳ ವಾಸ್ತುವಿನ ಕಡೆಗೂ ಗಮನ ಹರಿಯಿತು. ಶಿಲ್ಪಿಗಳ ಹೆಸರುಗಳನ್ನು ಅವರು ಹುಡುಕಿ ಹುಡುಕಿ ವಾರ್ಷಿಕ ವರದಿಗಳಲ್ಲಿ ದಾಖಲಿಸಿದರು. 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಮೇಲೆ ಪುಸ್ತಕಗಳನ್ನೇ ತಂದರು. ಆಮೇಲೆ ಬಂದ ಎಂ.ಎಚ್. ಕೃಷ್ಣ ಅವರ ಕಾಲದ ವರದಿಗಳಲ್ಲಿ ತಳವಿನ್ಯಾಸ, ಫೋಟೊಗಳ ಪುಟಗಳು ತುಂಬಿವೆ. ಹೊಸಹೊಳಲು, ಕಿಕ್ಕೇರಿ, ಕಂಬದಹಳ್ಳಿಯಂಥ ಊರುಗಳ ಗುಡಿಬಸದಿಗಳನ್ನು ಇಂದು ಅಧ್ಯಯನ ಮಾಡುವವರು ಆರಂಭಿಸುವುದು ಈ ವರದಿಗಳಿಂದಲೇ.

ಕಟ್ಟೆ ಏರಿದಾಗ ಕನ್ನಂಬಾಡಿಯ ಹಳೆಯ ಊರಿನ ಜೊತೆ ಅಲ್ಲಿನ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನಲ್ಲಿ ಮುಳುಗಿತು. ಬರಗಾಲದಲ್ಲಿ ನೀರು ತಳ ಕಂಡಾಗ ಮಾತ್ರ ಜನ ಅದನ್ನು ನೋಡುತ್ತಿದ್ದರು. ಎಷ್ಟೋ ದಶಕಗಳ ಮೇಲೆ ಖೋಡೆ ಪ್ರತಿಷ್ಠಾನ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿಸಿ ಹೊಸ ಕನ್ನಂಬಾಡಿಯ ದಡದ ಮೇಲೆ ಮತ್ತೆ ಕಟ್ಟಿಸಿತು. ಬಿಚ್ಚುವ ಮುನ್ನ ಫೋಟೊ ತೆಗೆದು, ಪ್ರತಿ ಕಲ್ಲಿಗೂ ಗುರುತು ಹಾಕಿ, ಆ ಗುರುತಿನಂತೆಯೇ ಜೋಡಿಸಿದ ಕೆಲಸ ಅದು. ಬೃಂದಾವನಕ್ಕೆ ಬಂದವರು ಅಲ್ಲಿಗೂ ಹೋಗಿ ನೋಡಿ ಮೆಚ್ಚುತ್ತಾರೆ. ನನಗೆ ಆ ದೇವಾಲಯದಷ್ಟೇ ಆ ಗುರುತಿನ ಹಾಳೆಗಳೂ ಪೂಜ್ಯ. 2017ರಲ್ಲಿ ರೈಲು ಜೋಡಿಮಾರ್ಗಕ್ಕಾಗಿ ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ ಸರಿಸಿದರಲ್ಲ, ಆಗಲೂ ಅಷ್ಟೇ, ಅಳತೆಯ ಕೆಲಸ ಮೊದಲು, ಜಾಕಿಯ ಕೆಲಸ ಆಮೇಲೆ.

ಕಾಗದ ಕಾಯುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಎಲ್ಲ ನಕ್ಷೆಗೂ ಒಂದೇ ಮದ್ದಿಲ್ಲ. ಬ್ಲೂಪ್ರಿಂಟಿನ ನೀಲಿ ಕಬ್ಬಿಣದ ಲವಣಗಳಿಂದ ಹುಟ್ಟಿದ್ದು, ಕ್ಷಾರ ತಗುಲಿದರೆ ಮಾಸುತ್ತದೆ. ಹಳೆಯ ಕಾಗದದ ಹುಳಿಯನ್ನು ತಡೆಯಲು ಪತ್ರಾಗಾರಗಳಲ್ಲಿ ಬಳಸುವ, ಸುಣ್ಣದಂಶ ಬೆರೆಸಿದ ಹೊದಿಕೆ ಬೇರೆ ಹಾಳೆಗಳಿಗೆ ಅಮೃತ, ಬ್ಲೂಪ್ರಿಂಟಿಗೆ ವಿಷ. ಬೆಳಕಿಗೂ ಅದು ಬಣ್ಣಗೆಡುತ್ತದೆ, ಕತ್ತಲೆಯಲ್ಲಿಟ್ಟರೆ ಸ್ವಲ್ಪ ಮಟ್ಟಿಗೆ ಬಣ್ಣ ಮರಳುತ್ತದೆ. ಟ್ರೇಸಿಂಗ್ ಬಟ್ಟೆಗೆ ನೀರೇ ಶತ್ರು. ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ ಗಂಜಿ ಕರಗಿ ಶಾಯಿಯೂ ಎದ್ದು ಬರುತ್ತದೆ. ಮೆದುವಾದ ಒಣ ಕುಂಚವೇ ಸರಿ. ಗಂಜಿಯ ರುಚಿಗೆ ಜಿರಳೆಯೂ ಬೆಳ್ಳಿಹುಳವೂ ಬರುತ್ತವೆ, ಆದ್ದರಿಂದ ಆ ಕೋಣೆಯಲ್ಲಿ ಊಟತಿಂಡಿ ಕೂಡದು. ಬ್ಲೂಪ್ರಿಂಟಿನ ಬದಲಿಗೆ ಮುಂದೆ ಬಂದ ಅಮೋನಿಯಾ ಪ್ರಿಂಟುಗಳು ಬಹಳ ಬೇಗ ಮಾಸುತ್ತವೆ, ಪಕ್ಕದ ಹಾಳೆಗಳನ್ನೂ ಕೆಡಿಸುತ್ತವೆ. ಅವುಗಳ ಕಟ್ಟು ಬೇರೆಯೇ ಇರಬೇಕು. ಅಗಲವಾದ ಖಾನೆಗಳಲ್ಲಿ ಚಪ್ಪಟೆಯಾಗಿ ಇಡುವುದು ಒಳ್ಳೆಯದು. ಅದಕ್ಕೂ ದೊಡ್ಡ ಹಾಳೆಯನ್ನು ದಪ್ಪ ಕೊಳವೆಯ ಹೊರಗೆ ಸುತ್ತಬೇಕು, ಒಳಗೆ ತುರುಕಬಾರದು. ರಬ್ಬರ್ ಬ್ಯಾಂಡು, ಸೆಲ್ಲೋಟೇಪು, ಲ್ಯಾಮಿನೇಶನ್ನು, ಈ ಮೂರನ್ನು ಬಾಗಿಲಾಚೆಗೇ ಇಟ್ಟು ಬರಬೇಕು. ಅಕ್ಕರೆಯಿಂದ ಲ್ಯಾಮಿನೇಟ್ ಮಾಡಿಸಿದ ಹಾಳೆಯನ್ನು ಮತ್ತೆ ಬಿಡಿಸುವ ದಾರಿಯಿಲ್ಲ.

ಈಗ ಎಲ್ಲೆಡೆ ಸ್ಕ್ಯಾನಿಂಗ್ ನಡೆಯುತ್ತಿದೆ, ಒಳ್ಳೆಯದು. ಹೆಚ್ಚು ಮುಟ್ಟಿದಷ್ಟೂ ಹಾಳಾಗುವ ಹಾಳೆಗಳಿಗೆ ಇದು ವರವೇ. ಆದರೆ ನಕ್ಷೆಗೂ ಕಡತಕ್ಕೂ ಇರುವ ಹಳೆಯ ನಂಟು ಕಡಿದುಹೋಗುವುದು ಇಲ್ಲಿಯೇ. ದೊಡ್ಡ ಹಾಳೆಗೆ ದೊಡ್ಡ ಯಂತ್ರ, ಕಡತಕ್ಕೆ ಚಿಕ್ಕ ಯಂತ್ರ. ಎರಡೂ ಬೇರೆ ಬೇರೆ ಕೋಣೆಗೆ, ಬೇರೆ ಬೇರೆ ಗುತ್ತಿಗೆದಾರನಿಗೆ ಹೋಗುತ್ತವೆ. ಬೇರೆ ಬೇರೆ ಹೆಸರಿನ ಫೋಲ್ಡರುಗಳಾಗಿ ಹಿಂದಿರುಗುತ್ತವೆ. ಆ ಹಾಳೆ ಈ ಪತ್ರಕ್ಕೆ ಲಗತ್ತು ಎಂಬ ಸಂಗತಿ ಎಲ್ಲಿಯೂ ದಾಖಲಾಗುವುದಿಲ್ಲ. ಮೆಕೆಂಜಿ ಸಂಗ್ರಹಕ್ಕೆ ಬಂದ ಗತಿಯನ್ನೇ ನಾವು ನಮ್ಮ ಕೈಯಾರೆ, ಒಂದೇ ಕಟ್ಟಡದೊಳಗೆ ತರುತ್ತಿದ್ದೇವೆ. ಕಡತದಿಂದ ನಕ್ಷೆಯನ್ನು ಹೊರತೆಗೆಯುವ ಕ್ಷಣದಲ್ಲೇ ಅದರ ಜಾಗದಲ್ಲಿ ಒಂದು ಚೀಟಿ ಇಡಬೇಕು. ನಕ್ಷೆಯ ನಂಬರು, ಇಟ್ಟ ಖಾನೆ, ತೆಗೆದ ತಾರೀಖು ಅದರಲ್ಲಿರಬೇಕು. ನಕ್ಷೆಯ ಹಿಂಬದಿಯಲ್ಲಿ ಮೆದು ಪೆನ್ಸಿಲ್ಲಿನಲ್ಲಿ ಕಡತದ ನಂಬರು ಬರೆಯಬೇಕು. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಗುರುತು ಕೊಡಬೇಕು. ಯಾವ ಹಣವೂ ಬೇಡದ ಕೆಲಸ ಇದು.

ಇದಲ್ಲದೆ ಮನೆಗಳಲ್ಲಿರುವ ಕಾಗದಗಳಿವೆ. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲಗಳಲ್ಲಿ ನಾಲೆಯ ಕೆಲಸದಲ್ಲಿ, ಇಲಾಖೆಯಲ್ಲಿ ಜೀವ ಸವೆಸಿದ ಓವರ್‌ಸಿಯರ್, ಸರ್ವೇಯರ್, ಡ್ರಾಫ್ಟ್ಸ್‌ಮನ್ನರ ಕುಟುಂಬಗಳು ಬಹಳ ಇವೆ. ಹುಲಿಕೆರೆ ಸುರಂಗದಿಂದ ವಿಶ್ವೇಶ್ವರಯ್ಯ ನಾಲೆಯ ಕೊನೆಯ ತೂಬಿನವರೆಗೆ ದುಡಿದವರ ಮೊಮ್ಮಕ್ಕಳು ಈಗ ಅಟ್ಟ ಖಾಲಿ ಮಾಡುವ ವಯಸ್ಸಿಗೆ ಬಂದಿದ್ದಾರೆ. ಲೆವೆಲ್ ಪುಸ್ತಕ, ಜೇಬಿನ ಡೈರಿ, ಕೆಲಸದ ಜಾಗದ ಗುಂಪು ಫೋಟೊ, ಸುರುಳಿ ಸುತ್ತಿದ ಟ್ರೇಸಿಂಗ್, ಮುಳುಗಡೆಯಾದ ಊರಿನ ಪರಿಹಾರದ ಕಾಗದ, ಏನೇ ಸಿಕ್ಕಲಿ, ವಿಂಗಡಿಸಬೇಡಿ. ಸಿಕ್ಕ ಕ್ರಮದಲ್ಲೇ ಒಂದು ಪೆಟ್ಟಿಗೆಗೆ ಹಾಕಿ. ಯಾರ ಕಾಗದ, ಯಾವ ಊರು, ಯಾವ ಕೆಲಸ ಎಂದು ನಿಮಗೆ ಗೊತ್ತಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೇಲಿಡಿ. ಫೋಟೊದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಕೂರಿಸಿ ಕೇಳಿ. ಖಾಸಗಿ ಕಾಗದಗಳನ್ನು ರಾಜ್ಯ ಪತ್ರಾಗಾರ ಸ್ವೀಕರಿಸುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ಮಾಡಿಸಿ ಕೊಡಿ. ಟ್ರೇಸರ್ ಆಗಿದ್ದ ನಿಮ್ಮಜ್ಜನ ಕಿರುಸಹಿ ಯಾವುದೋ ನಾಲೆಯ ನಕ್ಷೆಯ ಮೂಲೆಯಲ್ಲಿದ್ದರೆ, ಅದು ಅವರದೇ ಎಂದು ಹೇಳಲು ನಿಮ್ಮ ಪೆಟ್ಟಿಗೆಯಲ್ಲಿರುವ ಅವರ ಕೈಬರಹವೇ ಬೇಕು.